ಬಿಳಿ ಗೆರೆಯ ಈಚೆ

ಪಾಂಡವಪುರದಲ್ಲಿ ಕಾರು ಕಲಿಸುವ ಕೆಲಸಕ್ಕೆ ಬರುವ ಮೊದಲು ನಾನು ಹಳದಿ ಬೋರ್ಡಿನ ಬಾಡಿಗೆ ಕಾರು ಓಡಿಸುತ್ತಿದ್ದೆ. ಶ್ರೀರಂಗಪಟ್ಟಣ, ಕೆ.ಆರ್. ಪೇಟೆ, ನಾಗಮಂಗಲದ ಕಡೆಯವರನ್ನು ಮೈಸೂರು, ಬೆಂಗಳೂರಿನ ಆಸ್ಪತ್ರೆ, ಕೋರ್ಟು, ಛತ್ರಗಳಿಗೆ ಕರೆದೊಯ್ಯುವುದೇ ಹೆಚ್ಚು. 2022ರ ಡಿಸೆಂಬರಿನಲ್ಲಿ ಬೆಂಗಳೂರಿನ 50 ಜಂಕ್ಷನ್‌ಗಳಲ್ಲಿ ಕ್ಯಾಮೆರಾ ನೋಡಿ ಕೇಸು ಹಾಕುವ ವ್ಯವಸ್ಥೆ ಶುರುವಾಯಿತು. ನನ್ನ ಕಾರಿನ ಮೇಲೂ ಕೇಸು ಬೀಳತೊಡಗಿದವು. ಹೆಚ್ಚಿನವು ಸಿಗ್ನಲ್ ಹಾರಿಸಿದ್ದಕ್ಕಲ್ಲ, ಗೆರೆ ದಾಟಿ ನಿಂತದ್ದಕ್ಕೆ.

1. ನಿಂತರೆ ಸಾಲದು, ಎಲ್ಲಿ ನಿಂತೆವು ನೋಡಬೇಕು

ಮೊದಲ ನೋಟಿಸು ಕಂಡಾಗ ಸಿಟ್ಟೇ ಬಂದಿತ್ತು. ಕೆಂಪು ದೀಪಕ್ಕೆ ಸರಿಯಾಗಿ ನಿಂತವನ ಮೇಲೆ 500 ರೂಪಾಯಿ ದಂಡ ಯಾಕೆ ಎಂದು ಮನೆಯಲ್ಲಿ ಕೂಗಾಡಿದೆ. ಚಿತ್ರ ತೆರೆದು ನೋಡಿದರೆ ದೀಪ ಕೆಂಪಾಗಿದೆ, ನನ್ನ ಮುಂದಿನ ಚಕ್ರಗಳು ಬಿಳಿ ಗೆರೆ ದಾಟಿ ಜೀಬ್ರಾ ಪಟ್ಟಿಯ ಮೇಲಿವೆ. ಕ್ಯಾಮೆರಾಕ್ಕೆ ಬೇಕಾದದ್ದು ಇಷ್ಟೇ: ದೀಪ ಯಾವ ಬಣ್ಣದಲ್ಲಿದೆ, ಗಾಡಿ ಗೆರೆಯ ಯಾವ ಕಡೆ ಇದೆ, ನಂಬರ್ ಪ್ಲೇಟ್ ಯಾವುದು. ದಾಟಿ ಹೋಗುವ ಉದ್ದೇಶ ನನಗಿರಲಿಲ್ಲ ಎಂಬುದು ಅದಕ್ಕೆ ಕಾಣುವುದಿಲ್ಲ.

ಈ ಚಾಳಿ ಎಲ್ಲಿಂದ ಬಂತು ಎಂದು ಆಮೇಲೆ ಯೋಚಿಸಿದೆ. ರೈಲ್ವೆ ಗೇಟ್ ಹಾಕಿದಾಗ ಕಂಬಿಗೆ ತಾಗುವಷ್ಟು ಮುಂದೆ ಹೋಗಿ, ಎದುರು ಸಾಲನ್ನೂ ಮುಚ್ಚಿ ನಿಲ್ಲುವುದನ್ನು ನೋಡುತ್ತಲೇ ಗಾಡಿ ಕಲಿತವನು ನಾನು. ಮುಂದೆ ಜಾಗ ಇದ್ದರೆ ತುಂಬಬೇಕು ಎಂಬುದೇ ತಲೆಯಲ್ಲಿತ್ತು. ಜಾಗವನ್ನು ಬೇಕೆಂದೇ ಖಾಲಿ ಬಿಡುವುದೂ ಗಾಡಿ ಓಡಿಸುವುದರ ಭಾಗ ಎಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

2. ಆ ಗೆರೆ ನಡೆಯುವವರಿಗಾಗಿ ಇದೆ

ಇದನ್ನು ನನಗೆ ಕಲಿಸಿದ್ದು ದಂಡವಲ್ಲ. ಕೆ.ಆರ್. ಪೇಟೆ ತಾಲ್ಲೂಕಿನ ಅಜ್ಜಿಯೊಬ್ಬರನ್ನು, ಅವರ ಮಗನನ್ನು ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದಕ್ಕೆ ಕರೆದೊಯ್ದಿದ್ದೆ. ಅವರನ್ನು ಎದುರು ಬದಿಯಲ್ಲಿ ಇಳಿಸಿ, ಮುಂದೆ ಹೋಗಿ ತಿರುಗಿಸಿಕೊಂಡು ಬರುವಾಗ ಆಸ್ಪತ್ರೆಯ ಮುಂದಿನ ಸಿಗ್ನಲ್ ಕೆಂಪಾಯಿತು. ಎಂದಿನಂತೆ ಪಟ್ಟಿಯ ಮೇಲೇ ನಿಂತೆ. ದಾಟುವವರ ಗುಂಪಿನಲ್ಲಿ ಅದೇ ಅಜ್ಜಿ, ಅದೇ ಮಗ. ನನ್ನ ಕಾರು, ಪಕ್ಕದ ಆಟೋ, ಮೂರ್ನಾಲ್ಕು ಬೈಕುಗಳು ಸೇರಿ ಪಟ್ಟಿಯನ್ನು ಪೂರ್ತಿ ಮುಚ್ಚಿದ್ದೆವು. ಮಗ ತಾಯಿಯ ರಟ್ಟೆ ಹಿಡಿದು ನಮ್ಮ ಬಾನೆಟ್‌ಗಳ ಮುಂದೆ ಸುತ್ತು ಹಾಕಿ, ಅಡ್ಡ ರಸ್ತೆಯಿಂದ ಬಸ್ಸುಗಳು ತಿರುಗುತ್ತಿದ್ದ ಜಾಗಕ್ಕೇ ಅವರನ್ನು ಇಳಿಸಬೇಕಾಯಿತು. ಅಜ್ಜಿ ನನ್ನನ್ನು ಗುರುತಿಸಿದರು. ಬೈಯಲಿಲ್ಲ. ಸಂಜೆ ವಾಪಸು ಬರುವಾಗ ಮದ್ದೂರು ದಾಟಿದ ಮೇಲೆ ಕೇಳಿದರು: ‘ಅಲ್ಲ ಕಣಪ್ಪ, ನೀವೆಲ್ಲ ಅಲ್ಲೇ ನಿಂತ್ರೆ ನಮ್ಮಂಥೋರು ಎಲ್ಲಿಂದ ದಾಟೋದು?’

ಉತ್ತರ ಹೇಳಲು ನನ್ನಲ್ಲಿ ಏನೂ ಇರಲಿಲ್ಲ. ಗೆರೆಯಿಂದ ಪಟ್ಟಿಗೆ ಇರುವ ಸ್ವಲ್ಪ ಅಂತರ ಗಾಡಿಯವನ ಪಾಲಿಗೆ ಏನೂ ಅಲ್ಲ. ಮಂಡಿ ನೋವಿನವರಿಗೆ, ಕಣ್ಣು ಮಂಜಾದವರಿಗೆ, ಕೂಸು ಎತ್ತಿಕೊಂಡವರಿಗೆ ಅದೇ ಭರವಸೆ. ಅಲ್ಲಿಯವರೆಗೂ ನಾನು ಗೆರೆಯನ್ನು ಪೊಲೀಸರ ಲೆಕ್ಕದಲ್ಲಿ ನೋಡುತ್ತಿದ್ದೆ. ಅವತ್ತಿನಿಂದ ಹಾಗೆ ನೋಡಲು ಆಗಿಲ್ಲ.

3. ಬಾನೆಟ್ ಮುಂದಿನ ನೆಲ ಕಾಣುವುದಿಲ್ಲ

ಮನಸ್ಸು ಬದಲಾದರೂ ಕಾಲು ಬದಲಾಗಲಿಲ್ಲ. ಈಚೆ ನಿಲ್ಲಬೇಕೆಂದು ನಿರ್ಧರಿಸಿದ ಮೇಲೂ ಗೆರೆಯ ಮೇಲೇ ನಿಲ್ಲುತ್ತಿದ್ದೆ. ಗೆರೆ ಬಾನೆಟ್ ಕೆಳಗೆ ಮರೆಯಾದ ಮೇಲೂ ಇನ್ನಷ್ಟು ಮುಂದೆ ಹೋಗುತ್ತಿದ್ದುದೇ ಕಾರಣ. ಕಾರಿನ ಎತ್ತರ, ಕೂರುವವರ ಎತ್ತರ ನೋಡಿಕೊಂಡು ಮುಂದಿನ ಸುಮಾರು 3–4 ಮೀಟರ್ ನೆಲ ಚಾಲಕನಿಗೆ ಕಾಣುವುದಿಲ್ಲ. ಈಗ ಕಲಿಯುವವರಿಗೆ ಹೇಳುವುದು: ಗೆರೆ ಬಾನೆಟ್‌ನ ಅಂಚಿಗೆ ಬಂದು ಮರೆಯಾಗುವ ಹೊತ್ತಿಗೆ ಗಾಡಿ ನಿಂತಿರಲಿ. ಮುಂದೆ ಜಾಗ ಉಳಿಯುತ್ತದೆ, ಬೈಕಿನವರು ಬಂದು ತುಂಬುತ್ತಾರೆ. ತುಂಬಲಿ.

ಮೂತಿಯಿಲ್ಲದ ಟೆಂಪೊ ಓಡಿಸಿ ಅಭ್ಯಾಸವಾದವರು ಕಾರಿಗೆ ಬಂದಾಗ ಇದರಲ್ಲಿ ಹೆಚ್ಚು ತಪ್ಪುತ್ತಾರೆ. ಅವರಿಗೆ ನೆಲ ಬಹಳ ಹತ್ತಿರದಿಂದ ಕಂಡು ರೂಢಿ.

4. ಹೈವೇ ಇಳಿದರೂ ಕಾಲಿನಲ್ಲಿ ಹೈವೇ ಉಳಿದಿರುತ್ತದೆ

ಬೆಂಗಳೂರು–ಮೈಸೂರು ಹೆದ್ದಾರಿ 2023ರ ಮಾರ್ಚ್ 12ರಂದು ಮಂಡ್ಯದಲ್ಲಿ ಉದ್ಘಾಟನೆಯಾಯಿತು. ಆ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ಬೈಕು, ಆಟೋ, ಟ್ರ್ಯಾಕ್ಟರ್ ಓಡಾಟ ನಿಂತಿತು. ಕಾರುಗಳಿಗೆ ಗಂಟೆಗೆ 100 ಕಿಲೋಮೀಟರ್ ಮಿತಿ. ಶ್ರೀರಂಗಪಟ್ಟಣದ ಬೈಪಾಸ್ ಹತ್ತಿದರೆ ಸಿಗ್ನಲ್‌ನ ನೆನಪೇ ಇರುವುದಿಲ್ಲ. ಅಷ್ಟು ಹೊತ್ತು 100ರಲ್ಲಿ ಬಂದವನಿಗೆ ಕೆಂಗೇರಿಯ ಹತ್ತಿರ 55 ಅಂದರೆ ತೆವಳಿದಂತೆ ಅನ್ನಿಸುತ್ತದೆ. ನಾನು ಮೀಟರ್ ನೋಡದೆ ಆ ಅನಿಸಿಕೆಯನ್ನೇ ನಂಬಿ ಕೆಟ್ಟೆ.

54 ಕಿಲೋಮೀಟರ್ ವೇಗದಲ್ಲಿ ಗಾಡಿ ಸೆಕೆಂಡಿಗೆ 15 ಮೀಟರ್ ಓಡುತ್ತದೆ. ಹಳದಿ ಕಂಡು ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡು, ಒಣ ರಸ್ತೆಯಲ್ಲಿ ನಿಲ್ಲಲು ಇನ್ನೂ ಅಷ್ಟೇ ದೂರ. ಒಟ್ಟು 30 ಮೀಟರ್, ಮಳೆ ಬಂದಿದ್ದರೆ ಇನ್ನೂ ಜಾಸ್ತಿ. ಹಳದಿ ದೀಪವನ್ನು ಬೇಗ ದಾಟು ಎಂಬ ಸೂಚನೆಯಾಗಿ ಓದುತ್ತಿದ್ದ ನಾನು ಹಲವು ಸಲ ಕೆಂಪಿನಲ್ಲೇ ದಾಟಿದ್ದೇನೆ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ ಕೆಂಪು ದೀಪ ಹಾರಿಸುವುದನ್ನು ಅಪಾಯಕಾರಿ ಚಾಲನೆಯ ಸಾಲಿಗೆ ಸೇರಿಸಿದೆ. ಸೇರಿಸಿದ್ದು ಸರಿ ಎಂದೇ ನನ್ನ ಅಭಿಪ್ರಾಯ.

5. ಹಿಂದಿನವರ ಹಾರ್ನ್‌ಗೆ ಬ್ರೇಕ್ ಬಿಡಬಾರದು

ಗೆರೆಯ ಈಚೆ ನಿಂತರೆ ಹಿಂದಿನಿಂದ ಹಾರ್ನ್ ಶುರುವಾಗುತ್ತದೆ. ಹಾರ್ನ್ ಹೊಡೆದವರು ಮುಂದೆ ಹೋಗುವುದಿಲ್ಲ, ದಂಡವನ್ನೂ ಕಟ್ಟುವುದಿಲ್ಲ. ಅವರಿಗೆ ಹೆದರಿ ಮುಂದೆ ಜರುಗಿದ ನನಗೆ ನೋಟಿಸು ಬಂತು. ಆಂಬುಲೆನ್ಸ್ ವಿಷಯ ಬೇರೆ: ಜೀವಕ್ಕೆ ದಾರಿ ಬಿಡಲು ಗೆರೆ ದಾಟಬೇಕಾದರೆ ನಿಧಾನವಾಗಿ, ದಾಟುವವರನ್ನು ನೋಡಿಕೊಂಡು ಪಕ್ಕಕ್ಕೆ ಸರಿಯಿರಿ. ಡ್ಯಾಶ್‌ಕ್ಯಾಮ್ ಇದ್ದರೆ ಆ ದೃಶ್ಯ ಉಳಿಸಿಕೊಳ್ಳಿ, ಆಕ್ಷೇಪ ಸಲ್ಲಿಸುವಾಗ ಬೇಕಾಗುತ್ತದೆ.

6. ಆರ್‌ಸಿಗೆ ಜೋಡಿಸಿದ ಫೋನ್ ನಂಬರ್ ಯಾವುದು ನೋಡಿಕೊಳ್ಳಿ

2023ರ ಫೆಬ್ರುವರಿಯಲ್ಲಿ ಬಾಕಿ ದಂಡಕ್ಕೆ ಶೇ. 50 ರಿಯಾಯಿತಿ ಘೋಷಿಸಿದಾಗ ಎಲ್ಲರಂತೆ ನಾನೂ ಪರೀಕ್ಷಿಸಿದೆ. ನಾನು ನೋಡಿದ್ದು ಒಂದೆರಡು, ಬಾಕಿ ಇದ್ದದ್ದು ಉದ್ದದ ಪಟ್ಟಿ. ದಾಖಲೆಯಲ್ಲಿದ್ದದ್ದು ನಾನು ಬಿಟ್ಟುಬಿಟ್ಟ ಹಳೆಯ ಫೋನ್ ನಂಬರ್. ಒಂದೇ ಜಂಕ್ಷನ್ನಿನಲ್ಲಿ ಅದೇ ತಪ್ಪನ್ನು ಮತ್ತೆ ಮತ್ತೆ ಮಾಡಿದ್ದೆ. ಮೊದಲನೆಯದು ಸಮಯಕ್ಕೆ ತಿಳಿದಿದ್ದರೆ ಉಳಿದವು ಆಗುತ್ತಿರಲಿಲ್ಲವೇನೋ.

ಗಾಡಿ ಮಾರುವವರು ಇದನ್ನು ಇನ್ನೂ ಗಂಭೀರವಾಗಿ ತೆಗೆದುಕೊಳ್ಳಬೇಕು. ನಮ್ಮ ಕಡೆ ಬೈಕನ್ನು ನಂಬಿಕೆಯ ಮೇಲೆ ಕೈ ಬದಲಾಯಿಸುವುದು ಸಾಮಾನ್ಯ. 29 ಮತ್ತು 30ನೇ ಫಾರಂ ಸಲ್ಲಿಸಿ ಹೆಸರು ವರ್ಗಾವಣೆ ಆಗುವವರೆಗೂ ನೋಟಿಸು ಹಳೆಯ ಮಾಲೀಕರಿಗೇ. ವಾಟ್ಸಾಪ್‌ನಲ್ಲಿ ಚಲನ್ ಎಂದು ಬರುವ ಆ್ಯಪ್ ಫೈಲ್ ಮಾತ್ರ ಮುಟ್ಟಬೇಡಿ, ಅದು ಹಣ ಕದಿಯುವವರದ್ದು.

7. ಮೊದಲು ಚಿತ್ರ ನೋಡಿ

ಕಟ್ಟಿ ಕೈ ತೊಳೆದುಕೊಳ್ಳೋಣ ಎಂದು ನಾನು ನೋಡದೆಯೇ ಕಟ್ಟಿದ್ದುಂಟು. 2021ರ ಆಗಸ್ಟಿನಲ್ಲಿ ಬಂದ 167ಎ ನಿಯಮದ ಪ್ರಕಾರ ನೋಟಿಸಿನಲ್ಲಿ ನಂಬರ್ ಪ್ಲೇಟ್ ಕಾಣುವ ಚಿತ್ರ, ದಿನ, ಹೊತ್ತು, ಜಾಗ, ಯಾವ ಕಲಂ ಎಂಬುದು ಇರಬೇಕು. ನಾಗಮಂಗಲದ ನನ್ನ ಶಿಷ್ಯನೊಬ್ಬನ ನೋಟಿಸಿನ ಚಿತ್ರದಲ್ಲಿದ್ದದ್ದು ಬೇರೆಯವರ ಕಾರು, ಒಂದು ಅಂಕಿಯ ವ್ಯತ್ಯಾಸ. ಅವನು ಬರೆದು ತಿಳಿಸಿದ, ಕೇಸು ರದ್ದಾಯಿತು.

ಗೆರೆಯೇ ಅಳಿಸಿಹೋಗಿದ್ದರೆ ಅದನ್ನೂ ಫೋಟೋ ತೆಗೆದು ಬರೆಯಿರಿ. ಕಾಣದ ಗೆರೆ ದಾಟಿದ್ದಕ್ಕೆ ದಂಡ ಕೇಳುವುದು ನ್ಯಾಯವಲ್ಲ. ಕ್ಯಾಮೆರಾ ಹಾಕಲು ಇರುವ ಉತ್ಸಾಹ ಬಣ್ಣ ಬಳಿಯಲೂ ಇರಬೇಕು.

8. ಕ್ಯಾಮೆರಾ ಇಲ್ಲದ ಕಡೆ ಅಭ್ಯಾಸ ಮಾಡಿ

ನಾನು ಬೆಂಗಳೂರಿನಲ್ಲಿ ಮಾತ್ರ ಎಚ್ಚರವಾಗಿರಲು ನೋಡಿದೆ, ಆಗಲಿಲ್ಲ. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ನುಗ್ಗುತ್ತ ಊರಿನಲ್ಲಿ ಹೇಗೆ ಓಡಿಸುತ್ತಿದ್ದೆನೋ ಅಲ್ಲಿಯೂ ಹಾಗೇ ಓಡಿಸುತ್ತಿದ್ದೆ. ಹಾಗಾಗಿ ಕಲಿಯುವವರಿಗೆ ಮೊದಲ ವಾರವೇ ಮೈದಾನದಲ್ಲಿ ಸುಣ್ಣದ ಪುಡಿಯಿಂದ ಗೆರೆ ಎಳೆಯುತ್ತೇನೆ. ನಿಲ್ಲಿಸಿದ ಮೇಲೆ ಕೆಳಗಿಳಿದು ಚಕ್ರ ಎಲ್ಲಿದೆ ಎಂದು ಅವರೇ ನೋಡಬೇಕು. ಬಹುತೇಕ ಎಲ್ಲರೂ ಮೊದಲು ಗೆರೆಯ ಮೇಲಿರುತ್ತಾರೆ. ಆಮೇಲೆ ಒಬ್ಬರು ಕಾರಿನೊಳಗೆ ಕೂತು ಗೆರೆಗೆ ಬರುವಾಗ, ಮತ್ತೊಬ್ಬರು ಗೆರೆಯ ಆಚೆ ನಿಂತು ಕೈ ಎತ್ತಿ ನಿಲ್ಲುವ ಜಾಗ ತೋರಿಸುತ್ತಾರೆ. ಆಮೇಲೆ ಇಬ್ಬರೂ ಜಾಗ ಬದಲಾಯಿಸಿಕೊಳ್ಳಬೇಕು.