ಟಾರ್ಗೆಟ್ ಎಷ್ಟು ಅಂತ ಆಮೇಲೆ ಕೇಳು

(ಬಿ.ಫಾರ್ಮಾ ಮುಗಿಸಿ ಮೆಡಿಕಲ್ ರೆಪ್ ಕೆಲಸದ ಸಂದರ್ಶನಕ್ಕೆ ಹೊರಟ ತಮ್ಮನ ಮಗಳಿಗೆ, ಏರಿಯಾ ಮ್ಯಾನೇಜರಾಗಿ ನಿವೃತ್ತನಾದ ದೊಡ್ಡಪ್ಪನ ಕಿವಿಮಾತು)

ಕೊನೆಗೆ ಅವರು ‘ನಿಮ್ಮದೇನಾದರೂ ಪ್ರಶ್ನೆ ಇದೆಯೇನಮ್ಮ?’ ಅಂತಾರೆ. ‘ಏನಿಲ್ಲ ಸರ್’ ಅಂದು ಎದ್ದು ಬರಬೇಡ. ನಾಳೆ ಡಾಕ್ಟರ ಮುಂದೆ ಎರಡೇ ನಿಮಿಷ ಸಿಗುತ್ತೆ, ಅಷ್ಟರಲ್ಲಿ ಮಾತಾಡಿಸಿ ವಿಷಯ ತಿಳಿದುಕೊಳ್ಳಬೇಕಾದವಳು ನೀನು. ಮೇಜಿನ ಆ ಕಡೆ ಕೂತು ನಾನೂ ಎಷ್ಟೋ ಜನರನ್ನು ಆರಿಸಿದ್ದೇನೆ. ಏನೂ ಕೇಳದೆ ಹೋದವರ ಮುಖ ಸಂಜೆಗೆ ನೆನಪಿರುತ್ತಿರಲಿಲ್ಲ.

• ಈ ಜಾಗದಲ್ಲಿ ಮೊದಲು ಯಾರಿದ್ದರು, ಈಗ ಎಲ್ಲಿದ್ದಾರೆ? ಬಡ್ತಿ ಸಿಕ್ಕಿ ಹೋಗಿದ್ದರೆ ಹೆಸರು ಹೇಳಿ ಹೆಮ್ಮೆಪಡುತ್ತಾರೆ. ‘ಪರ್ಸನಲ್ ರೀಸನ್’ ಅಂದರೆ ಅದಕ್ಕೂ ಮುಂಚೆ ಇದ್ದವರು ಯಾಕೆ ಬಿಟ್ಟರು ಅಂತ ಮೆಲ್ಲಗೆ ಕೇಳು. ಹೆಡ್‌ಕ್ವಾರ್ಟರ್, ಅಂದರೆ ರೆಪ್ ನೆಲೆಸಿ ಕೆಲಸ ಮಾಡುವ ಊರು, ಆರು ತಿಂಗಳಿಂದ ಖಾಲಿ ಬಿದ್ದಿದ್ದರೆ ಹಳಬರು ಕೊಟ್ಟ ಮಾತುಗಳೆಲ್ಲ ನಿನ್ನ ಕೊರಳಿಗೇ ಬೀಳುತ್ತವೆ.

• ಟಾರ್ಗೆಟ್ ಪ್ರೈಮರಿ ಮೇಲೋ, ಸೆಕೆಂಡರಿ ಮೇಲೋ? ಒಂದೇ ಪ್ರಶ್ನೆ ಕೇಳಲು ಬಿಟ್ಟರೆ ಇದನ್ನೇ ಕೇಳು. ಕಂಪನಿಯಿಂದ ಸ್ಟಾಕಿಸ್ಟ್‌ಗೆ ಹೋದದ್ದು ಪ್ರೈಮರಿ, ಸ್ಟಾಕಿಸ್ಟ್‌ನಿಂದ ಮೆಡಿಕಲ್ ಶಾಪಿಗೆ ಹೋದದ್ದು ಸೆಕೆಂಡರಿ. ಬರೀ ಪ್ರೈಮರಿ ಲೆಕ್ಕ ಹಿಡಿಯುವ ಕಡೆ ತಿಂಗಳ ಕೊನೆಯ ಮೂರು ದಿನ ಜಾತ್ರೆ. ಮ್ಯಾನೇಜರು ಫೋನ್ ಮೇಲೆ ಫೋನ್ ಮಾಡುತ್ತಾನೆ, ನೀನು ಸ್ಟಾಕಿಸ್ಟ್‌ಗೆ ಕೈಮುಗಿದು ಬೇಡದ ಮಾಲು ಇಳಿಸುತ್ತೀ. ಆ ತಿಂಗಳು ಚಪ್ಪಾಳೆ. ಮಾಲು ಮಾತ್ರ ಗೋಡೌನಿನಲ್ಲೇ ಕೂತಿರುತ್ತೆ, ಮುಂದಿನ ತಿಂಗಳು ಆತ ಆರ್ಡರ್ ಕೊಡಲ್ಲ, ವರ್ಷ ಕಳೆದ ಮೇಲೆ ಅದೇ ಮಾಲು ಎಕ್ಸ್‌ಪೈರಿ ಆಗಿ ವಾಪಸು ಬರುತ್ತೆ. ಆದ್ದರಿಂದ ಇದರ ಬೆನ್ನಿಗೇ ಇನ್ನೆರಡು ಕೇಳು: ಸ್ಟಾಕಿಸ್ಟ್ ಹತ್ತಿರ ಈಗಿರುವ ಕ್ಲೋಸಿಂಗ್ ಸ್ಟಾಕ್ ಎಷ್ಟು ತಿಂಗಳ ಮಾರಾಟಕ್ಕೆ ಸಾಕು? ಎಕ್ಸ್‌ಪೈರಿ ವಾಪಸು ಬಂದರೆ ಅದನ್ನು ನನ್ನ ಮಾರಾಟದಲ್ಲಿ ಕಳೆಯುತ್ತೀರಾ? ಮೂರು-ನಾಲ್ಕು ತಿಂಗಳ ಮಾಲು ಈಗಾಗಲೇ ಕೂತಿದ್ದರೆ ನಿನ್ನ ಮೊದಲ ಟಾರ್ಗೆಟನ್ನು ಬೇರೆ ಯಾರೋ ಮಾರಿ ಮುಗಿಸಿದ್ದಾರೆ ಅಂತಲೇ ತಿಳಿ.

• ಕಳೆದ ವರ್ಷ ಈ ಹೆಡ್‌ಕ್ವಾರ್ಟರ್‌ನಲ್ಲಿ ತಿಂಗಳಿಗೆ ಎಷ್ಟು ಆಯಿತು, ಇನ್ಸೆಂಟಿವ್ ಎಷ್ಟು ಜನ ತಗೊಂಡರು? ಕೈಗೆ ಬಂದ ಇನ್ಸೆಂಟಿವನ್ನು ಕೇಳು, ಬರಬಹುದಾದ್ದನ್ನಲ್ಲ. ಹಿಂದಿನ ವರ್ಷ 3 ಲಕ್ಷ ಆದ ಕಡೆ 5 ಲಕ್ಷದ ಟಾರ್ಗೆಟ್ ಇಟ್ಟು, ನೂರಕ್ಕೆ ನೂರು ಆದರಷ್ಟೇ ಇನ್ಸೆಂಟಿವ್ ಅಂದರೆ ಅದು ಸಂಬಳದ ಲೆಕ್ಕಕ್ಕೆ ಬಾರದ ದುಡ್ಡು.

• ಯಾವ ಊರು ಎಕ್ಸ್-ಸ್ಟೇಷನ್, ಯಾವುದು ಔಟ್-ಸ್ಟೇಷನ್? ಹುಬ್ಬಳ್ಳಿ ಹೆಡ್‌ಕ್ವಾರ್ಟರ್ ಅಂತಾರೆ, ಗದಗಕ್ಕೆ ಹೋಗಿ ಸಂಜೆಗೆ ಮನೆ ಸೇರಬಹುದು, ಅದು ಎಕ್ಸ್-ಸ್ಟೇಷನ್. ಅದೇ ಲಿಸ್ಟಿನಲ್ಲಿ ಕಾರವಾರವೂ ಇದ್ದರೆ ನೂರೈವತ್ತು ಕಿಲೋಮೀಟರಿಗೂ ಮೇಲೆ, ನಡುವೆ ಅರಬೈಲ್ ಘಟ್ಟ; ರಾತ್ರಿ ಅಲ್ಲೇ ಉಳಿಯಬೇಕು, ಅದು ಔಟ್-ಸ್ಟೇಷನ್. ಡಾಕ್ಟರು ಓಪಿಡಿ ಮುಗಿಸಿ ರೆಪ್‌ಗಳನ್ನು ಕರೆಯುವ ಹೊತ್ತಿಗೆ ಎಷ್ಟೋ ಸಲ ರಾತ್ರಿ ಒಂಬತ್ತಾಗಿರುತ್ತೆ. ನೈಟ್ ಹಾಲ್ಟ್‌ಗೆ ಎಷ್ಟು ಕೊಡುತ್ತಾರೆ, ಆ ದುಡ್ಡಿಗೆ ಹೆಣ್ಣುಮಕ್ಕಳು ಉಳಿಯುವಂಥ ಲಾಡ್ಜ್ ಸಿಗುತ್ತದೆಯೇ, ಈ ಟೀಮಿನಲ್ಲಿ ಬೇರೆ ಹುಡುಗಿಯರಿದ್ದಾರೆಯೇ, ಎಲ್ಲ ಬಾಯಿಬಿಟ್ಟು ಕೇಳು. ಸಂಕೋಚ ಅವರಿಗಾಗಲಿ. ಖರ್ಚಿನ ಬಿಲ್ಲು ಕಳಿಸಿದ ಮೇಲೆ ದುಡ್ಡು ಯಾವಾಗ ಬರುತ್ತೆ ಅನ್ನೋದನ್ನೂ ಕೇಳು. ಪೆಟ್ರೋಲ್ ಬಂಕಿನವನು ಸಾಲ ಕೊಡಲ್ಲ.

• ಡಾಕ್ಟರಿಗೆ ಏನು ಕೊಡಬಹುದು, ಏನು ಕೊಡಬಾರದು? ಇದು ಗಂಭೀರ ವಿಷಯ. 2024ರ ಮಾರ್ಚಿನಲ್ಲಿ ಕೇಂದ್ರದ ಔಷಧ ಇಲಾಖೆ ಹೊರಡಿಸಿದ ಮಾರಾಟ ಸಂಹಿತೆ ವೈದ್ಯರಿಗೂ ಅವರ ಮನೆಯವರಿಗೂ ಉಡುಗೊರೆ ಕೊಡಬಾರದು ಅನ್ನುತ್ತದೆ; ಸ್ಯಾಂಪಲ್ಲಿಗೂ ಮಿತಿ ಇದೆ, ಒಬ್ಬ ವೈದ್ಯರಿಗೆ ಒಂದು ಔಷಧದ್ದು ವರ್ಷಕ್ಕೆ 12 ಪ್ಯಾಕ್. ‘ಕಂಪನಿ ಇದನ್ನು ಹೇಗೆ ಪಾಲಿಸುತ್ತದೆ ಸರ್?’ ಅಂತ ಕೇಳಿದಾಗ ನಗುವವರಿದ್ದಾರೆ. ಅಂಥ ಕಡೆ ನಾಳೆ ಕವರು ಹೊರುವ ಕೈ ನಿನ್ನದೇ ಆಗಿರುತ್ತೆ.

• ಮ್ಯಾನೇಜರ್ ತಿಂಗಳಿಗೆ ಎಷ್ಟು ದಿನ ಜಾಯಿಂಟ್ ವರ್ಕ್‌ಗೆ ಬರುತ್ತಾರೆ? ಮೊದಲ ಮೂರು ತಿಂಗಳು ಜೊತೆಗೆ ಓಡಾಡಿ ಕಲಿಸುವವನು ಬೇಕು. ಮೊಬೈಲ್ ಆ್ಯಪಿನಲ್ಲಿ ನೀನೆಲ್ಲಿದ್ದೀ ಅಂತ ನೋಡುತ್ತ ಕೂರುವವನು ಬೇರೆ ಜಾತಿ.

• ನೇಮಕಾತಿ ಪತ್ರ ಯಾರ ಹೆಸರಿನಲ್ಲಿ? ಕಂಪನಿಯದೋ, ಆಳು ಒದಗಿಸುವ ಏಜೆನ್ಸಿಯದೋ. ಪತ್ರ ಬೇಡುವುದು ದಾಕ್ಷಿಣ್ಯದ ಮಾತಲ್ಲ: ನಮ್ಮ ರೆಪ್‌ಗಳಿಗೆ ಪತ್ರ ಕೊಡಲೇಬೇಕು ಅಂತ 1976ರ ಕಾಯ್ದೆಯೇ ಹೇಳಿತ್ತು, 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲೂ ಅದು ಕಡ್ಡಾಯ. ಒರಿಜಿನಲ್ ಮಾರ್ಕ್ಸ್ ಕಾರ್ಡು, ಸಹಿ ಹಾಕಿದ ಖಾಲಿ ಚೆಕ್ಕು ಕೇಳಿದರೆ ಕೊಡಬೇಡ. ಬಾಂಡ್ ಇದ್ದರೆ ಎಷ್ಟು ವರ್ಷ, ಎಷ್ಟು ದುಡ್ಡು ಅಂತ ಓದಿಯೇ ಸಹಿ ಹಾಕು. ‘ಬಾಂಡೆಲ್ಲ ಕೋರ್ಟಿನಲ್ಲಿ ನಿಲ್ಲಲ್ಲ’ ಅನ್ನೋ ಗೆಳತಿಯರ ಮಾತು ನಂಬಬೇಡ. ವಿಜಯಾ ಬ್ಯಾಂಕಿನ ಪ್ರಕರಣದಲ್ಲಿ, ಮೂರು ವರ್ಷಕ್ಕೆ ಮೊದಲು ಬಿಟ್ಟರೆ 2 ಲಕ್ಷ ಕಟ್ಟಬೇಕೆಂಬ ಷರತ್ತನ್ನು 2025ರ ಮೇನಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ.

• ಕೈಗೆ ಎಷ್ಟು? ವರ್ಷದ ಪ್ಯಾಕೇಜು ಅಂತ ಹೇಳುವ ಅಂಕಿಯಲ್ಲಿ ಕಂಪನಿ ಕಟ್ಟುವ ಪಿಎಫ್, ಗ್ರಾಚ್ಯುಯಿಟಿ, ಬಾರದ ಇನ್ಸೆಂಟಿವ್ ಎಲ್ಲ ಸೇರಿಸಿರುತ್ತಾರೆ. ಬಿಡಿಬಿಡಿಯಾಗಿ ಬರೆಸಿಕೋ.

• ಇಷ್ಟನ್ನೂ ಒಂದೇ ಉಸಿರಿಗೆ ಕೇಳಿದರೆ ತನಿಖೆಗೆ ಬಂದವಳಂತೆ ಕಾಣುತ್ತೀ. ಮೊದಲ ಸುತ್ತಿನಲ್ಲಿ ಮಾರಾಟದ್ದು, ಆಯ್ಕೆಯಾಯಿತು ಅಂದ ಮೇಲೆ ಸಂಬಳದ್ದು, ಬಾಂಡಿನದ್ದು.

• ಸಂದರ್ಶನದ ಹಿಂದಿನ ಸಂಜೆ ಆ ಊರಿನ ಯಾವುದಾದರೂ ದೊಡ್ಡ ಕ್ಲಿನಿಕ್ಕಿನ ಹೊರಗೆ ಹೋಗಿ ನಿಲ್ಲು. ಟೈ ಸಡಿಲಿಸಿಕೊಂಡು ಸರದಿಗೆ ಕಾಯುವ ರೆಪ್‌ಗಳು ಇದ್ದೇ ಇರುತ್ತಾರೆ. ಹೊಸಬಳು ಅಂತ ಹೇಳಿ ಕಂಪನಿಯ ಹೆಸರು ಎತ್ತಿದರೆ ಸಾಕು, ಅಲ್ಲಿ ಮ್ಯಾನೇಜರ್ ಯಾರು, ಯಾರ ಟಿ.ಎ. ಬಿಲ್ಲು ಎಷ್ಟು ತಿಂಗಳಿಂದ ಬಾಕಿ ಅನ್ನೋದನ್ನೆಲ್ಲ ಅವರೇ ಹೇಳುತ್ತಾರೆ.