ಇಂದಿನ ಧಮ್ಮ ಚಿಂತನೆ: ಅವ್ವನ ಮಡಿಲಿನ ಬೆಕ್ಕು

ಬಳಗದ ಬಂಧುಗಳೇ, ಇವತ್ತಿನ ಪಾಠದ ವಿಷಯ ಮೈತ್ರಿ. ಹೋದ ವಾರ ನಮ್ಮಲ್ಲೊಬ್ಬರು ಕೇಳಿದ್ದರು, "ಕರುಣೆ ಅಂತ ಒಂದಿರುವಾಗ ಮೈತ್ರಿ ಅಂತ ಬೇರೆ ಯಾಕೆ ಬೇಕು?" ಅವತ್ತು ಪುಸ್ತಕದಲ್ಲಿದ್ದ ಉತ್ತರ ಹೇಳಿದ್ದೆ. ಇವತ್ತು ನಮ್ಮ ಮನೆಯಲ್ಲಿ ಸಿಕ್ಕ ಉತ್ತರ ಹೇಳುತ್ತೇನೆ. ಇದರಲ್ಲಿ ಒಂದು ಬೆಕ್ಕು ಬರುತ್ತದೆ. ನಗಬೇಡಿ, ಪೂರ್ತಿ ಓದಿ.

ನಮ್ಮದು ಪಂಚನಹಳ್ಳಿ. ಎರಡು ವರ್ಷದ ಹಿಂದೆ, ರಾಗಿ ಕೊಯ್ಲಿನ ದಿನಗಳಲ್ಲಿ, ನನ್ನ ತಮ್ಮ ರಾತ್ರಿ ಬೈಕಿನಲ್ಲಿ ಊರಿಗೆ ಬರುವಾಗ ಬಿದ್ದು ತೀರಿಕೊಂಡ. ಅವನಿಗೆ 31 ವರ್ಷ. ತಿಸರಣ, ಪಂಚಶೀಲ ಹೇಳಿ ಮಣ್ಣು ಮಾಡಿದೆವು. ತಿಥಿ ಮಾಡಲಿಲ್ಲ, ಎಡೆ ಇಡಲಿಲ್ಲ. ಅದಕ್ಕೂ ಊರಲ್ಲಿ ಮಾತು ಬಂತು. ಅದಕ್ಕಿಂತ ನೋಯಿಸಿದ್ದು ಇನ್ನೊಂದು ಮಾತು: "ಆ ರಾತ್ರಿ ಬೈಕಿಗೆ ಬೆಕ್ಕು ಅಡ್ಡ ಬಂದಿತ್ತಂತೆ." ನೋಡಿದವರು ಯಾರೂ ಇಲ್ಲ, ಹೇಳುವವರು ಎಲ್ಲರೂ.

ಅವ್ವನಿಗೆ 65 ದಾಟಿದೆ. ಅವತ್ತಿನಿಂದ ಬಾಗಿಲ ಹತ್ತಿರ ಗೋಡೆಗೆ ಒರಗಿ ಕೂತವಳು ಏಳುತ್ತಿರಲಿಲ್ಲ. ಮುದ್ದೆ ಮುರಿದು ತಟ್ಟೆಯಲ್ಲೇ ಬಿಡುತ್ತಿದ್ದಳು. ರಾತ್ರಿಯೆಲ್ಲ ಎಚ್ಚರ. ಆಸ್ಪತ್ರೆಗೆ ಹೋಗೋಣ ಅಂದರೆ, "ನಂಗೇನಾಗಿದೆ?" ಅನ್ನುತ್ತಿದ್ದಳು.

ಬಳಗದಲ್ಲಿ ಪಾಠ ಮಾಡುವವನಲ್ಲವೇ ನಾನು? ಒಂದು ಸಂಜೆ ಕಿಸಾ ಗೋತಮಿಯ ಕಥೆ ಹೇಳಿದೆ. ಮಗುವನ್ನು ಕಳೆದುಕೊಂಡ ತಾಯಿ, ಸಾವಿಲ್ಲದ ಮನೆಯ ಸಾಸಿವೆ ತಾ ಎಂದ ಭಗವಾನರು, ಅಂಥ ಮನೆ ಎಲ್ಲೂ ಸಿಗದೆ ಆಕೆಗೆ ಸತ್ಯ ತಿಳಿದದ್ದು, ಎಲ್ಲ ಹೇಳಿದೆ. ಅವ್ವ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಅಂದಳು, "ಸಾಸಿವೆ ಎಲ್ಲೂ ಸಿಗಾಕಿಲ್ಲ ಅಂತ ನಂಗೂ ಗೊತ್ತು ಕಣ್ಲಾ. ಗೊತ್ತಾದ್ರೆ ಹೊಟ್ಟೆ ಸಂಕಟ ನಿಂತೋಯ್ತದಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಕಣ್ಣು ಮುಚ್ಚಿ ಉಸಿರು ಗಮನಿಸು ಅಂತ ಆನಾಪಾನ ಹೇಳಿಕೊಡಲು ಹೋದೆ. "ಕಣ್ಣು ಮುಚ್ಚಿದ್ರೆ ಅವನೇ ಕಾಣ್ತಾನೆ" ಅಂದಳು. ಅಲ್ಲಿಗೆ ನನ್ನ ಪಾಠ ಮುಗಿಯಿತು.

ಮುಂಗಾರು ಶುರುವಾದಾಗ ಹಿತ್ತಲಿನ ತೆಂಗಿನ ಮಟ್ಟೆಯ ರಾಶಿಯಲ್ಲಿ ಒಂದು ಬೆಕ್ಕಿನ ಮರಿ ನೆನೆದು ನಡುಗುತ್ತಾ ಕೂತಿತ್ತು. ತಾಯಿ ಇರಲಿಲ್ಲ. ಒಳಗೆ ತಂದೆ. ಅವ್ವ ನೋಡಿದ ಕೂಡಲೇ, "ಅದನ್ನ ಆಚೆಗಾಕು" ಅಂದಳು. ಅಪಶಕುನದ ಮಾತು ಅವಳ ತಲೆಗೂ ಹೋಗಿದೆ ಅಂದುಕೊಂಡು, ಅದೆಲ್ಲ ಮೂಢನಂಬಿಕೆ ಎಂದು ಶುರು ಮಾಡಿದೆ. ಅವಳು ತಡೆದಳು. "ಶಕುನ ಅಲ್ಲ ಕಣ್ಲಾ. ನಂಗೆ ಬೆಕ್ಕು ಕಂಡ್ರೆ ಆಗಾಕಿಲ್ಲ." ಯಾಕೆ ಅಂದೆ. ಆಗ ಹೇಳಿದಳು.

ಅವಳು ಹತ್ತು ವರ್ಷದ ಹುಡುಗಿಯಾಗಿದ್ದಾಗ ಅವರವ್ವನ ಜೊತೆ ಒಂದು ದೊಡ್ಡ ಮನೆಗೆ ಕಣದ ಕೆಲಸಕ್ಕೆ ಹೋಗುತ್ತಿದ್ದಳಂತೆ. ಆ ಮನೆಯ ಬೆಕ್ಕು ಅಡುಗೆಮನೆಗೆ ಹೋಗುತ್ತಿತ್ತು, ದೇವರ ಕೋಣೆಯಲ್ಲಿ ಮಲಗುತ್ತಿತ್ತು, ಹಾಲಿಗೆ ಬಾಯಿ ಹಾಕುತ್ತಿತ್ತು. ಇವರಿಗೆ ಮಾತ್ರ ಅಂಗಳದಾಚೆ ನಿಂತು ಬೊಗಸೆ ಒಡ್ಡಿದರೆ ಮೇಲಿನಿಂದ ನೀರು. ಗಂಜಿ ತೆಂಗಿನ ಚಿಪ್ಪಿನಲ್ಲಿ. "ಆ ಬೆಕ್ಕಿಗಿದ್ದ ಬೆಲೆ ನಮಗಿರ್ಲಿಲ್ಲ" ಅಂದಳು. ಐವತ್ತೈದು ವರ್ಷ ಆ ಮಾತು ಅವಳೊಳಗೇ ಇತ್ತು. ಅವಳ ಮಗನಾದ ನನಗೆ ಅವತ್ತೇ ಗೊತ್ತಾಗಿದ್ದು.

ಬಂಧುಗಳೇ, ಇದೇ ಮಾತನ್ನು ಬಾಬಾಸಾಹೇಬರು 1931ರ ಆಗಸ್ಟ್ 14ರಂದು ಮುಂಬಯಿಯ ಮಣಿ ಭವನದಲ್ಲಿ ಗಾಂಧೀಜಿಯವರ ಎದುರು ಕೂತು ಹೇಳಿದ್ದರು. ನಾಯಿ ಬೆಕ್ಕುಗಳಿಗಿಂತ ಕಡೆಯಾಗಿ ನಮ್ಮನ್ನು ಕಾಣುವ, ಕುಡಿಯಲು ನೀರೂ ಸಿಗದ ಈ ನೆಲವನ್ನು ನನ್ನ ತಾಯ್ನಾಡು ಎಂದು ಹೇಗೆ ಕರೆಯಲಿ ಎಂಬುದು ಅವರ ಪ್ರಶ್ನೆಯಾಗಿತ್ತು. ಅದಕ್ಕೂ ನಾಲ್ಕು ವರ್ಷ ಮೊದಲು, 1927ರ ಮಾರ್ಚ್ 20ರಂದು, ಮಹಾಡದ ಚವದಾರ್ ಕೆರೆಯ ನೀರು ಮುಟ್ಟಿ ಕುಡಿದದ್ದೂ ಇದೇ ನೋವಿಗೆ. ಅವ್ವ ಪುಸ್ತಕ ಓದಿದವಳಲ್ಲ. ಆದರೆ ಆ ಪ್ರಶ್ನೆ ಅವಳದೂ ಆಗಿತ್ತು.

ಮರಿಯನ್ನು ಹಿತ್ತಲಿನ ಕೊಟ್ಟಿಗೆಯಲ್ಲಿ ಬಿಟ್ಟೆ. ಎರಡು ರಾತ್ರಿ ಅತ್ತಿತು. ಮೂರನೇ ರಾತ್ರಿ ಅವ್ವ ತಾನೇ ಎದ್ದಳು. ನಾನು ಮಲಗಿದ್ದಲ್ಲಿಂದಲೇ ನೋಡುತ್ತಿದ್ದೆ. ಒಲೆಯ ಪಕ್ಕ ಇದ್ದ ತೆಂಗಿನ ಚಿಪ್ಪು ತೆಗೆದುಕೊಂಡು ಅದಕ್ಕೆ ಹಾಲು ಬಗ್ಗಿಸಲು ಹೋದಳು. ಕೈ ನಿಂತಿತು. ಸ್ವಲ್ಪ ಹೊತ್ತು ಚಿಪ್ಪನ್ನೇ ನೋಡಿದಳು. ಆಮೇಲೆ ಅದನ್ನು ಒಲೆಗೆ ಹಾಕಿ, ನಾವು ಉಣ್ಣುವ ತಟ್ಟೆಯಲ್ಲೊಂದನ್ನು ತೆಗೆದು ಹಾಲು ಹಾಕಿ ಕೊಟ್ಟಿಗೆಗೆ ಹೋದಳು. ಬೆಳಿಗ್ಗೆ ಕೇಳಿದರೆ ಅಂದದ್ದು ಇಷ್ಟೇ: "ಚಿಪ್ಪಲ್ಲಿ ಯಾರಿಗೂ ಹಾಕಬಾರ್ದು."

ಅವಮಾನ ಉಂಡವರ ಮುಂದೆ ಎರಡು ದಾರಿ ಇರುತ್ತವೆ. ನನಗಾದದ್ದು ನನಗಿಂತ ಕೆಳಗಿನವರಿಗೂ ಆಗಲಿ ಅನ್ನುವುದು ಒಂದು. ಇದು ನನ್ನಲ್ಲಿಗೇ ಮುಗಿಯಲಿ ಅನ್ನುವುದು ಇನ್ನೊಂದು. ಮೊದಲನೆಯದು ಜಾತಿ ನಡೆಯುವ ದಾರಿ. ಎರಡನೆಯದು ಧಮ್ಮದ ದಾರಿ. 'ಬುದ್ಧ ಮತ್ತು ಅವನ ಧಮ್ಮ' ಗ್ರಂಥದಲ್ಲಿ ಬಾಬಾಸಾಹೇಬರು ಕರುಣೆಯನ್ನೂ ಮೈತ್ರಿಯನ್ನೂ ಬೇರೆ ಬೇರೆ ಮಾಡಿ ತೋರಿಸುತ್ತಾರೆ. ಕರುಣೆ ಮನುಷ್ಯರ ಮೇಲಿನ ಪ್ರೀತಿ. ಮೈತ್ರಿ ಎಲ್ಲ ಜೀವಿಗಳ ಮೇಲಿನ ಪ್ರೀತಿ. ಧಮ್ಮಕ್ಕೆ ಕರುಣೆಯೊಂದೇ ಸಾಲದು ಎಂಬುದು ಅವರ ವಿವರಣೆ. 1956ರ ಅಕ್ಟೋಬರ್‌ನಲ್ಲಿ ನಾಗಪುರದಲ್ಲಿ ಕೊಟ್ಟ 22 ಪ್ರತಿಜ್ಞೆಗಳಲ್ಲಿ 13ನೆಯದೂ ಎಲ್ಲ ಜೀವಿಗಳಿಗೆ ದಯೆ ತೋರಿ ಕಾಪಾಡುವ ಪ್ರತಿಜ್ಞೆಯೇ. 1934ರ ಫೆಬ್ರವರಿಯಲ್ಲಿ ರಾಜಗೃಹದಲ್ಲಿ ತೆಗೆದ ಕುಟುಂಬದ ಫೋಟೊ ನೀವೆಲ್ಲ ನೋಡಿದ್ದೀರಿ. ಅದರಲ್ಲಿ ಬಾಬಾಸಾಹೇಬರು, ಮಾತೆ ರಮಾಬಾಯಿ, ಯಶವಂತರ ಜೊತೆ ಟಾಬಿ ಎಂಬ ನಾಯಿಯೂ ಇದೆ. ಇನ್ನೊಮ್ಮೆ ನೋಡಿ.

ಮರಿ ಒಲೆಯ ಬೂದಿಯಲ್ಲೇ ಮಲಗುತ್ತಿದ್ದರಿಂದ ಅವ್ವ ಅದಕ್ಕೆ 'ಬೂದಿ' ಅಂತಲೇ ಹೆಸರಿಟ್ಟಳು. ಬೆಳಗಿನ ಜಾವ ಐದಕ್ಕೆ ಅದಕ್ಕೆ ಹಸಿವು. ಕೂಗಿ ಎಬ್ಬಿಸುತ್ತಿತ್ತು. ಎದ್ದ ಮೇಲೆ ಒಲೆ ಹಚ್ಚುತ್ತಿದ್ದಳು, ಹಚ್ಚಿದ ಮೇಲೆ ತಾನೂ ಒಂದು ಲೋಟ ಕಾಫಿ ಕುಡಿಯುತ್ತಿದ್ದಳು. ನಾನು ಆರು ತಿಂಗಳು ಹೇಳಿ ಮಾಡಿಸಲಾಗದ್ದನ್ನು ಅದು ಮಾತಿಲ್ಲದೆ ಮಾಡಿಸಿತು. ಅದು ಸಮಾಧಾನ ಹೇಳಲಿಲ್ಲ, ಅಳಬೇಡ ಅನ್ನಲಿಲ್ಲ, ಸುಮ್ಮನೆ ಮಡಿಲಲ್ಲಿ ಮಲಗಿತು. ಒಂದು ಮಧ್ಯಾಹ್ನ ನೋಡಿದೆ: ಅವ್ವನ ಕೈ ಅದರ ಬೆನ್ನ ಮೇಲಿತ್ತು. ಅದರ ಉಸಿರಿಗೆ ಕೈ ಏಳುತ್ತಾ ಇಳಿಯುತ್ತಾ ಇತ್ತು. ಅವಳ ಉಸಿರೂ ನಿಧಾನವಾಗಿತ್ತು. ಕಣ್ಣು ತೆರೆದೇ ಇತ್ತು.

'ಮಿಲಿಂದ ಪ್ರಶ್ನೆ'ಯಲ್ಲಿ ಭಂತೆ ನಾಗಸೇನರು ಸಾಧಕನು ಬೆಕ್ಕಿನಿಂದ ಕಲಿಯಬೇಕಾದ ಗುಣಗಳನ್ನು ಹೇಳುತ್ತಾರೆ. ಬೆಕ್ಕು ತನ್ನ ಆಹಾರವನ್ನು ಹತ್ತಿರದಲ್ಲೇ ಹುಡುಕುತ್ತದೆ. ಸಾಧಕನೂ ದೂರ ಹೋಗದೆ ತನ್ನದೇ ಪಂಚಸ್ಕಂಧಗಳ ಹುಟ್ಟು ಅಳಿವನ್ನು ನೋಡಬೇಕು ಎಂಬುದು ಅದರಲ್ಲೊಂದು. ಅವತ್ತು ಅದು ನನಗೆ ಅರ್ಥವಾಯಿತು.

ವಿಜ್ಞಾನ ಏನು ಹೇಳುತ್ತದೆ ಎಂದು ಕೇಳುವವರು ನಮ್ಮಲ್ಲಿದ್ದಾರೆ, ಕೇಳಲೇಬೇಕು. ಅಮೆರಿಕದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದವರು 249 ವಿದ್ಯಾರ್ಥಿಗಳ ಮೇಲೆ ಮಾಡಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಬರೀ 10 ನಿಮಿಷ ಬೆಕ್ಕು, ನಾಯಿಗಳ ಮೈ ಸವರಿದವರಲ್ಲಿ ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಇಳಿದಿತ್ತು. ಸುಮ್ಮನೆ ದೂರದಿಂದ ನೋಡಿದವರಲ್ಲಿ ಅಷ್ಟು ಇಳಿದಿರಲಿಲ್ಲ. ಮುಟ್ಟುವುದರಲ್ಲಿ ಶಕ್ತಿ ಇದೆ. ಮುಟ್ಟಬಾರದು ಎಂದು ಸಾವಿರಾರು ವರ್ಷ ಹೇಳಿಸಿಕೊಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆದರೆ ಬೆಕ್ಕು ವೈದ್ಯರಲ್ಲ. ಅವ್ವನ ನಿದ್ದೆ ಪೂರ್ತಿ ಸರಿಹೋಗಿರಲಿಲ್ಲ. ಒಂದು ದಿನ, "ನಾನು ಮಲಗಿಬಿಟ್ರೆ ಇದಕ್ಕೆ ಹಾಲು ಹಾಕೋರ್ಯಾರು?" ಅಂದಳು. ಅದೇ ಸಮಯ ನೋಡಿ ಕಡೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಮಾತ್ರೆ ಕೊಟ್ಟರು, ಮಾತಾಡಿಸಿದರು. ಈಗ ಹೊಲಕ್ಕೆ ಹೋಗಿ ಬರುತ್ತಾಳೆ. ತಮ್ಮನ ನೆನಪಾದರೆ ಈಗಲೂ ಅಳುತ್ತಾಳೆ, ಅತ್ತ ಮೇಲೆ ಊಟ ಮಾಡುತ್ತಾಳೆ.

ಊರಿನವರ ಶಕುನದ ಮಾತಿಗೆ ಅವಳೇ ಉತ್ತರ ಕೊಟ್ಟಳು: "ದಿನಕ್ಕೆ ಇಪ್ಪತ್ತು ಸಲ ನನ್ ಕಾಲಿಗೆ ಅಡ್ಡ ಬತ್ತದೆ. ನಾನಿನ್ನೂ ಬದುಕೇ ಇದ್ದೀನಲ್ಲ!" ಮದ್ದೂರು ತಾಲ್ಲೂಕಿನ ಬೆಕ್ಕಳಲೆಯಲ್ಲಿ ಬೆಕ್ಕನ್ನು ಮಂಗಮ್ಮ ದೇವಿ ಎಂದು ಗುಡಿ ಕಟ್ಟಿ ಪೂಜಿಸುತ್ತಾರೆ. ಬೇರೆ ಕಡೆ ಅದೇ ಬೆಕ್ಕನ್ನು ಅಪಶಕುನ ಎಂದು ಕಲ್ಲು ಹೊಡೆಯುತ್ತಾರೆ. ಅದು ದೇವರೂ ಅಲ್ಲ, ದರಿದ್ರವೂ ಅಲ್ಲ. ಹಸಿವು, ಚಳಿ, ಭಯ ಇರುವ ಒಂದು ಜೀವ. ಹಾಗೆ ನೋಡಿದರೆ ಸಾಕು.

*ಇಂದಿನ ಅಭ್ಯಾಸ*

1. ದುಃಖದಲ್ಲಿರುವ ಒಬ್ಬರ ಹತ್ತಿರ ಇವತ್ತು ಹತ್ತು ನಿಮಿಷ ಕೂತು ಬನ್ನಿ. ಬುದ್ಧಿ ಹೇಳಬೇಡಿ.

2. ನಿಮ್ಮ ಮನೆಯ ಹಿರಿಯರನ್ನು ಅವರ ಬಾಲ್ಯದ ಬಗ್ಗೆ ಕೇಳಿ. ಚಿಪ್ಪಿನ ಕಥೆ ಎಲ್ಲರ ಮನೆಯಲ್ಲೂ ಇರುತ್ತದೆ.

3. ಮನಸ್ಸಿನ ಕಷ್ಟ ತಡೆಯಲಾಗದಿದ್ದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

4. ಬೆಕ್ಕು ಸಾಕುವವರು ಪಶು ಆಸ್ಪತ್ರೆಯಲ್ಲಿ ರೇಬೀಸ್ ಲಸಿಕೆ ಹಾಕಿಸಿ. ಕಚ್ಚಿದರೆ, ಪರಚಿದರೆ 15 ನಿಮಿಷ ಸೋಪು ನೀರಿನಲ್ಲಿ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ.

ಕೊನೆಗೆ ಅವ್ವನ ಒಂದು ಪ್ರಶ್ನೆ: "ಬೂದಿ ಇಲಿ ಹಿಡೀತದಲ್ಲ, ಅದಕ್ಕೂ ಪಂಚಶೀಲ ಹೇಳ್ಕೊಡ್ಲಾ?" ಶೀಲ ಇರುವುದು ತಿಳಿದು ಆರಿಸಿಕೊಳ್ಳಬಲ್ಲ ಮನುಷ್ಯರಿಗೆ ಅವ್ವ, ಅಂದೆ. "ಹಂಗಾದ್ರೆ ನೀನು ಸರಿಯಾಗಿ ಕಲಿ" ಅಂದಳು.

ಕಲಿಯುತ್ತಿದ್ದೇನೆ. ಸರ್ವ ಜೀವಿಗಳಿಗೂ ಒಳಿತಾಗಲಿ.

ನಮೋ ಬುದ್ಧಾಯ. ಜೈ ಭೀಮ್.