ಗುಡ್ಡದ ಮೇಲಿನ ಮನೆ, ಕೆಳಗಿನ ಕಡಲು



ಬಾಲ ಯೇಸುವಿನ ದರ್ಶನಕ್ಕೆಂದು ಬಿಕರ್ನಕಟ್ಟೆಯ ಕಾರ್ಮೆಲ್ ಗುಡ್ಡಕ್ಕೆ ಬರುವವರಿಗೆ ಅಲ್ಲಿ ಕಡಲಿನ ನೆನಪಾಗುವುದು ಕಡಿಮೆ. ನಂತೂರಿನಿಂದ ಕುಲಶೇಖರದ ಕಡೆಗೆ ಹೋಗುವ ಹೆದ್ದಾರಿ, ಮುರಕಲ್ಲಿನ ನೆಲ, ಮನೆಗಳ ಸಾಲು. ಕಡಲು ಏನಿದ್ದರೂ ಪಣಂಬೂರಿನಲ್ಲಿ, ಉಳ್ಳಾಲದಲ್ಲಿ ಎಂದು ನಾವು ತಿಳಿದಿದ್ದೇವೆ. ನೀರಿಗೆ ಮಾತ್ರ ಈ ಭೇದವಿಲ್ಲ. ನಮ್ಮ ಗುಡ್ಡಗಳಿಂದ ಇಳಿದ ನೀರು ತೋಡು, ರಾಜಕಾಲುವೆಗಳನ್ನು ಹಿಡಿದು ನೇತ್ರಾವತಿಯನ್ನೋ ಫಲ್ಗುಣಿಯನ್ನೋ ಸೇರುತ್ತದೆ. ಆ ಎರಡು ನದಿಗಳು ಬೆಂಗ್ರೆಯ ಬಳಿ ಕೂಡಿ ಅಳಿವೆಬಾಗಿಲಿನ ಮೂಲಕ ಅರಬ್ಬಿ ಸಮುದ್ರಕ್ಕೆ ಹೋಗುತ್ತವೆ. ಗುಡ್ಡದಿಂದ ಕಡಲಿಗಿರುವ ದೂರ ಹೆಚ್ಚೆಂದರೆ ಏಳೆಂಟು ಕಿಲೋಮೀಟರ್.

ಸಮುದ್ರ ಮಲಿನವಾಗುತ್ತಿದೆ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಹಡಗುಗಳು ಮತ್ತು ಕಾರ್ಖಾನೆಗಳು. ಹಡಗುಗಳ ವಿಷಯದಲ್ಲಿ ಲೋಕದ ರಾಷ್ಟ್ರಗಳು ಕೂಡಿ ಮಾಡಿಕೊಂಡ ಒಂದು ನಿಯಮವಿದೆ. ಮಾರ್ಪೋಲ್ ಒಡಂಬಡಿಕೆಯ ನಾಲ್ಕನೆಯ ಅನುಬಂಧ 2003ರಲ್ಲಿ ಜಾರಿಗೆ ಬಂತು. ಅದರಂತೆ ಶುದ್ಧೀಕರಿಸದ ಶೌಚದ ನೀರನ್ನು ಹಡಗು ದಡದಿಂದ 12 ನಾಟಿಕಲ್ ಮೈಲು, ಅಂದರೆ ಸುಮಾರು 22 ಕಿಲೋಮೀಟರ್ ಒಳಗೆ ಬಿಡುವಂತಿಲ್ಲ. ನವಮಂಗಳೂರು ಬಂದರಿಗೆ ಬರುವ ಹಡಗಿಗೆ ಇಷ್ಟು ಕಟ್ಟುನಿಟ್ಟು. ಅದೇ ಊರಿನ ಒಂದು ಮನೆಯ ಬಚ್ಚಲಿನ ಕೊಳವೆ ತೋಡಿಗೆ ತೆರೆದುಕೊಂಡಿದ್ದರೆ ಕೇಳುವವರು ಯಾರು?

ಈ ಪ್ರಶ್ನೆ ಸಣ್ಣದಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2021ರ ವರದಿಯ ಪ್ರಕಾರ ಭಾರತದ ನಗರಗಳಲ್ಲಿ ದಿನವೊಂದಕ್ಕೆ 7,236 ಕೋಟಿ ಲೀಟರ್ ಕೊಳಚೆ ನೀರು ಹುಟ್ಟುತ್ತದೆ. ಕಟ್ಟಿರುವ ಶುದ್ಧೀಕರಣ ಘಟಕಗಳ ಸಾಮರ್ಥ್ಯ 3,184 ಕೋಟಿ ಲೀಟರ್. ನಿಜವಾಗಿ ಶುದ್ಧವಾಗುತ್ತಿದ್ದುದು 2,023 ಕೋಟಿ ಲೀಟರ್ ಮಾತ್ರ. ಕೊನೆಯ ಎರಡು ಅಂಕಿಗಳನ್ನು ಮತ್ತೊಮ್ಮೆ ನೋಡಿ. ಹಣ ಸುರಿದು ಕಟ್ಟಿದ ಘಟಕಗಳಿಗೂ ಹೊಟ್ಟೆ ತುಂಬ ಕೆಲಸವಿಲ್ಲ. ಕೊಳವೆಯ ಜಾಲ ಮನೆಮನೆಗೆ ತಲುಪದಿರುವುದು, ತಲುಪಿದ ಕಡೆಯೂ ಮನೆಯವರು ಜೋಡಿಸಿಕೊಳ್ಳದಿರುವುದು ಇದಕ್ಕೆ ಮುಖ್ಯ ಕಾರಣಗಳಲ್ಲೊಂದು.

ಕೊಳಚೆ ನೀರು ಅಳಿವೆಗೆ ಸೇರಿದರೆ ಆಗುವುದೇನು? ಅದರಲ್ಲಿನ ಕಶ್ಮಲವನ್ನು ತಿನ್ನಲು ಬ್ಯಾಕ್ಟೀರಿಯಾಗಳು ನೀರಿನ ಆಮ್ಲಜನಕವನ್ನೇ ಬಳಸುತ್ತವೆ, ಮೀನಿಗೆ ಉಸಿರು ಸಾಲದಾಗುತ್ತದೆ. ಸಾರಜನಕ, ರಂಜಕಗಳು ಹೆಚ್ಚಿ ಪಾಚಿ ಬೆಳೆಯುತ್ತದೆ. ಅಳಿವೆ ಎಂದರೆ ಸಿಗಡಿ ಮತ್ತು ಅನೇಕ ಮೀನುಗಳ ಮರಿಗಳಿಗೆ ತೊಟ್ಟಿಲು. ಇನ್ನು ನಾವು ಆಸೆಪಟ್ಟು ತಿನ್ನುವ ಮರುವಾಯಿಯನ್ನು ತೆಗೆದುಕೊಳ್ಳಿ. ಅದು ನೀರನ್ನು ಒಳಗೆಳೆದು ಸೋಸಿ ಆಹಾರ ಹುಡುಕುವ ಜೀವಿ. ನೀರಿನಲ್ಲಿ ರೋಗಾಣುಗಳಿದ್ದರೆ ಅವೂ ಅದರ ಮೈಯಲ್ಲಿ ಶೇಖರವಾಗುತ್ತವೆ. ಗುಡ್ಡದಲ್ಲಿ ಬಿಟ್ಟದ್ದು ಸಾರಿನ ಬಟ್ಟಲಿಗೆ ಬರುವ ದಾರಿ ಇಷ್ಟು ಹತ್ತಿರದ್ದು. ಹೊಳೆಯಲ್ಲಿ ಸೊಂಟದವರೆಗಿನ ನೀರಿನಲ್ಲಿ ನಿಂತು ಮರುವಾಯಿ ಹೆಕ್ಕುವವರು ಅದಕ್ಕಿಂತಲೂ ಮೊದಲು ಆ ನೀರನ್ನು ಮೈಗೆ ಹಚ್ಚಿಕೊಳ್ಳುತ್ತಾರೆ. 2015ರಲ್ಲಿ ಅಂದಿನ ಜಗದ್ಗುರು ಫ್ರಾನ್ಸಿಸರು ‘ಲೌದಾತೊ ಸಿ’ ವಿಶ್ವಪತ್ರದಲ್ಲಿ ಬಡವರ ಪಾಲಿಗೆ ಬರುವ ನೀರಿನ ಗುಣಮಟ್ಟವನ್ನೇ ವಿಶೇಷವಾಗಿ ಎತ್ತಿ ಹೇಳಿದ್ದು ಇಂಥವರನ್ನು ನೆನೆದೇ.

ಮಂಗಳೂರು ಸಮತಟ್ಟಾದ ಊರಲ್ಲ. ಒಳಚರಂಡಿಯ ನೀರು ತಾನಾಗಿ ಇಳಿದು ಘಟಕಕ್ಕೆ ಹೋಗುವಂತಿಲ್ಲ. ತಗ್ಗಿನಲ್ಲಿ ವೆಟ್‌ವೆಲ್ ಕಟ್ಟಿ, ಅಲ್ಲಿಂದ ಪಂಪಿನಿಂದ ಮೇಲೆತ್ತಿ ಮುಂದಕ್ಕೆ ದೂಡಬೇಕು. ಒಂದು ಕಡೆ ಪಂಪು ನಿಂತರೆ ಅಥವಾ ಕೊಳವೆ ತುಂಬಿದರೆ ಆಳುಗುಂಡಿಯ ಮುಚ್ಚಳ ಮೇಲೇಳುತ್ತದೆ, ಹರಿದದ್ದು ಪಕ್ಕದ ತೋಡಿಗೆ. ಕಾವೂರು, ಬಜಾಲ್, ಸುರತ್ಕಲ್, ಪಚ್ಚನಾಡಿಗಳ ಘಟಕಗಳ ತನಕ ಬಂದ ನೀರಿನ ಕಥೆ ಬೇರೆ: ಕಸವನ್ನು ಜಾಲರಿಯಲ್ಲಿ ತಡೆದು, ಮರಳನ್ನು ಕೆಳಗಿಳಿಸಿ, ಗಾಳಿ ಊದಿ ಬ್ಯಾಕ್ಟೀರಿಯಾಗಳಿಂದಲೇ ಕಶ್ಮಲವನ್ನು ತಿನ್ನಿಸುತ್ತಾರೆ. ಕಡಲಿನಲ್ಲಿ ಮೀನಿನ ಉಸಿರು ಕಸಿಯುವ ಅದೇ ಬ್ಯಾಕ್ಟೀರಿಯಾ ಇಲ್ಲಿ ನಮ್ಮ ಕೆಲಸಗಾರ.

ಈ ಏರ್ಪಾಡು ಒಬ್ಬರಿಂದ ಆದದ್ದಲ್ಲ. 1999ರಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕು ಕರ್ನಾಟಕದ ಕರಾವಳಿ ಪರಿಸರ ಯೋಜನೆಗೆ 17.5 ಕೋಟಿ ಡಾಲರ್ ಸಾಲವನ್ನು ಮಂಜೂರು ಮಾಡಿತು. ಕಾರವಾರ, ಅಂಕೋಲ, ಭಟ್ಕಳ, ದಾಂಡೇಲಿ, ಶಿರಸಿ, ಕುಂದಾಪುರ, ಉಡುಪಿ, ಮಂಗಳೂರು, ಉಳ್ಳಾಲ, ಪುತ್ತೂರು ಎಂಬ ಹತ್ತು ಊರುಗಳು ಅದರಲ್ಲಿ ಸೇರಿದ್ದವು. ಕಡಲಿಲ್ಲದ ಶಿರಸಿ, ಪುತ್ತೂರುಗಳೂ ಪಟ್ಟಿಯಲ್ಲಿದ್ದವು ಎಂಬುದನ್ನು ಗಮನಿಸಿ. ಮಂಗಳೂರಿನ ಕಾವೂರು ಘಟಕದ ಸಾಮರ್ಥ್ಯ ದಿನಕ್ಕೆ 4.35 ಕೋಟಿ ಲೀಟರ್. ಪಾಲಿಕೆಯು ಶುದ್ಧೀಕರಿಸಿದ ನೀರನ್ನು ವಿಶೇಷ ಆರ್ಥಿಕ ವಲಯದ ಕೈಗಾರಿಕೆಗಳಿಗೆ ಕೊಡುವುದು, ವಲಯದವರು ನಿರ್ವಹಣೆಯ ಖರ್ಚಿನಲ್ಲಿ ಪಾಲು ಹಾಕುವುದು ಎಂಬ ಒಪ್ಪಂದವೂ ಆಗಿದೆ. ನನ್ನ ಮಟ್ಟಿಗೆ ಇದು ಬಹಳ ಜಾಣತನದ ಏರ್ಪಾಡು. ಕಾರ್ಖಾನೆ ನದಿಯಿಂದ ಅಷ್ಟು ಕಡಿಮೆ ನೀರೆತ್ತುತ್ತದೆ, ಕಡಲಿಗೆ ಅಷ್ಟು ಕಡಿಮೆ ಕೊಳಚೆ ಹೋಗುತ್ತದೆ. ಆದರೆ ಮನೆಯಿಂದ ಹೊರಟ ನೀರು ಘಟಕವನ್ನು ಮುಟ್ಟಿದರೆ ತಾನೇ?

ದೊಡ್ಡ ದೊಡ್ಡ ಕೂಟಗಳೂ ನಡೆದಿವೆ. ಭೂಮಿಯ ಮೇಲಿನ ಚಟುವಟಿಕೆಗಳಿಂದ ಸಮುದ್ರವನ್ನು ಕಾಪಾಡಲು 1995ರಲ್ಲಿ ವಾಷಿಂಗ್ಟನ್ನಿನಲ್ಲಿ 108 ಸರ್ಕಾರಗಳು ಸೇರಿ ಒಂದು ಕಾರ್ಯಕ್ರಮವನ್ನು ಒಪ್ಪಿದವು. ಅದೇ ವರ್ಷ ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ಶ್ರೀಲಂಕಾ, ಮಾಲ್ಡೀವ್ಸ್ ದೇಶಗಳು ದಕ್ಷಿಣ ಏಷ್ಯಾದ ಸಮುದ್ರಗಳಿಗಾಗಿ ಯೋಜನೆಯೊಂದನ್ನು ಅಂಗೀಕರಿಸಿದವು. ಶುದ್ಧೀಕರಿಸದ ಕೊಳಚೆಯ ಪ್ರಮಾಣವನ್ನು 2030ರೊಳಗೆ ಅರ್ಧಕ್ಕೆ ಇಳಿಸುವುದು ವಿಶ್ವಸಂಸ್ಥೆಯ ಗುರಿ. ಇದೆಲ್ಲ ಬೇಕಾದದ್ದೇ. ಆದರೆ ಯಾವ ಸಮ್ಮೇಳನವೂ ಬಂದು ನಿಮ್ಮ ಮನೆಯ ಹಿತ್ತಲಿನ ಕೊಳವೆಯನ್ನು ಜೋಡಿಸಲಾರದು.

ಈಗ ಆ ಹಿತ್ತಲಿಗೇ ಬರೋಣ. ನಮ್ಮ ಊರಲ್ಲಿ ಎರಡು ಬಗೆಯ ತಪ್ಪುಗಳು ನಡೆಯುತ್ತಿವೆ. ಕೆಲವರು ಬಚ್ಚಲಿನ ನೀರನ್ನು ಮಳೆನೀರಿನ ಚರಂಡಿಗೆ ಬಿಡುತ್ತಾರೆ. ಅದು ತಪ್ಪೆಂದು ಎಲ್ಲರಿಗೂ ಗೊತ್ತು. ಎರಡನೆಯದನ್ನು ಮಾತ್ರ ಸಜ್ಜನರೂ ನಿಶ್ಚಿಂತೆಯಿಂದ ಮಾಡುತ್ತಾರೆ: ಮಾಡಿನ, ಅಂಗಳದ ಮಳೆನೀರನ್ನು ಒಳಚರಂಡಿಗೆ ಜೋಡಿಸುವುದು. “ಮಳೆನೀರು ಶುದ್ಧವಲ್ಲವೇ, ಅದರಿಂದೇನು ಕೇಡು?” ಎನ್ನುತ್ತಾರೆ.

ಸ್ವಲ್ಪ ಲೆಕ್ಕ ಹಾಕೋಣ. ಮನುಷ್ಯನೊಬ್ಬನಿಗೆ ದಿನಕ್ಕೆ 135 ಲೀಟರ್ ನೀರು ಕೊಟ್ಟರೆ ಅದರಲ್ಲಿ ಶೇಕಡಾ 80 ಭಾಗ, ಅಂದರೆ 108 ಲೀಟರ್ ಕೊಳಚೆಯಾಗಿ ಹೊರಬರುತ್ತದೆ ಎಂದು ಎಂಜಿನಿಯರರು ಎಣಿಸುತ್ತಾರೆ. ಐದು ಜನರ ಮನೆಗೆ 540 ಲೀಟರ್. ಕೊಳವೆಯ ಗಾತ್ರ ನಿರ್ಧಾರವಾಗುವುದು ಇಂಥ ಲೆಕ್ಕದ ಮೇಲೆ. ಇನ್ನು ಆಷಾಢದ ಒಂದು ದಿನ 100 ಮಿಲಿಮೀಟರ್ ಮಳೆ ಸುರಿಯಿತೆನ್ನಿ, ನಮಗದು ಅಪರೂಪವಲ್ಲ. 100 ಚದರ ಮೀಟರಿನ ಒಂದು ತಾರಸಿಯಿಂದ ಇಳಿಯುವ ನೀರು 10,000 ಲೀಟರ್! ಒಂದೇ ತಾರಸಿ ಹದಿನೆಂಟು ಮನೆಗಳ ಕೊಳಚೆಯಷ್ಟು ನೀರನ್ನು ಕೊಳವೆಗೆ ತುಂಬುತ್ತದೆ. ಬೀದಿಯಲ್ಲಿ ನಾಲ್ಕು ಮನೆಯವರು ಹೀಗೆ ಮಾಡಿದರೆ ತಗ್ಗಿನಲ್ಲಿರುವ ಐದನೆಯ ಮನೆಯ ಮುಂದೆ ಆಳುಗುಂಡಿ ಉಕ್ಕುತ್ತದೆ. ಅಂಗಳದಲ್ಲಿ ಮಲ ತೇಲುವುದು ಮೇಲಿನ ಮನೆಯವರದಲ್ಲ, ಕೆಳಗಿನವರದು. ಅಲ್ಲಿಂದ ಅದು ತೋಡು, ಹೊಳೆ, ಕಡಲು.

ಕೊಳವೆ ಕಟ್ಟಿಕೊಂಡಾಗ ಬಿಡಿಸಲು ಯಾರನ್ನು ಕರೆಯುತ್ತೇವೆ ಎಂಬುದೂ ಯೋಚಿಸಬೇಕಾದ ಮಾತು. ಆಳುಗುಂಡಿಗೆ, ಸೆಪ್ಟಿಕ್ ಟ್ಯಾಂಕಿಗೆ ಮನುಷ್ಯನನ್ನು ರಕ್ಷಣೆಯಿಲ್ಲದೆ ಇಳಿಸುವುದನ್ನು 2013ರ ಕಾಯಿದೆ ನಿಷೇಧಿಸಿದೆ. ಒಳಗಿನ ವಿಷಾನಿಲ ನಿಮಿಷಗಳಲ್ಲಿ ಕೊಲ್ಲುತ್ತದೆ, ಎತ್ತಲು ಹೋದವನನ್ನೂ ಬಿಡುವುದಿಲ್ಲ. ಹೀಗೆ ಸತ್ತವರ ಕುಟುಂಬಕ್ಕೆ ಕೊಡಬೇಕಾದ ಪರಿಹಾರವನ್ನು ಸುಪ್ರೀಂ ಕೋರ್ಟು 2014ರಲ್ಲಿ 10 ಲಕ್ಷ ರೂಪಾಯಿ ಎಂದು ಹೇಳಿ, 2023ರಲ್ಲಿ 30 ಲಕ್ಷಕ್ಕೆ ಏರಿಸಿತು. “ಸ್ವಲ್ಪ ಹಣ ಹೆಚ್ಚು ಕೊಡುತ್ತೇನೆ, ಇಳಿದು ನೋಡು” ಎಂದು ಬಡವನೊಬ್ಬನಿಗೆ ಹೇಳುವ ನಾಲಗೆ ಭಾನುವಾರ ಪರಮಪ್ರಸಾದ ಸ್ವೀಕರಿಸುವ ನಾಲಗೆಯೂ ಆಗಿರಬಹುದು. ಯಂತ್ರದ ವಾಹನವನ್ನೇ ಕರೆಯಿರಿ.

ಒಳಚರಂಡಿ ಇನ್ನೂ ಬಾರದ ಓಣಿಗಳಲ್ಲಿ ಸೆಪ್ಟಿಕ್ ಟ್ಯಾಂಕನ್ನು ಎರಡು ಮೂರು ವರ್ಷಕ್ಕೊಮ್ಮೆ ಖಾಲಿ ಮಾಡಿಸಬೇಕು. ಇಂಗುಗುಂಡಿಗೂ ಬಾವಿಗೂ ಕನಿಷ್ಠ 18 ಮೀಟರ್ ಅಂತರವಿರಬೇಕು. ನಮ್ಮ ಮುರಕಲ್ಲು ತೂತುಗಳ ಕಲ್ಲು, ಅದರೊಳಗೆ ನೀರು ಬೇಗ ಹರಿಯುತ್ತದೆ. ಆದ್ದರಿಂದ ಅಂತರ ಹೆಚ್ಚಿದ್ದಷ್ಟೂ ಒಳ್ಳೆಯದು. ನಿಮ್ಮ ಬಾವಿಗಷ್ಟೇ ಅಲ್ಲ, ಬೇಲಿಯಾಚೆಯ ಬಾವಿಗೂ. ಗೃಹಿಣಿಯರಲ್ಲಿ ಒಂದು ಕೋರಿಕೆ: ಕರಿದ ಎಣ್ಣೆಯನ್ನು ಬಚ್ಚಲಿಗೆ ಚೆಲ್ಲಬೇಡಿ, ಕೊಳವೆಯಲ್ಲಿ ಅದು ಹೆಪ್ಪುಗಟ್ಟುತ್ತದೆ. ಮಗುವಿನ ಡಯಾಪರ್, ಸ್ಯಾನಿಟರಿ ಪ್ಯಾಡುಗಳು ಶೌಚದ ಗುಂಡಿಗೆ ಹೋಗಲೇಬಾರದು.

ವಾಳೆಯ ಕೂಟದಲ್ಲಿ ಈ ಮೇ ತಿಂಗಳು ಒಂದು ಕೆಲಸವನ್ನು ಕೈಗೆತ್ತಿಕೊಳ್ಳಬಹುದು. ನೆರೆಯ ಹಿಂದೂ, ಮುಸ್ಲಿಂ ಮನೆಯವರನ್ನೂ ಜೊತೆಗೆ ಕರೆಯಿರಿ, ಕೊಳವೆ ಎಲ್ಲರದೂ ಒಂದೇ. ಒಂದು ಬಕೆಟ್ ನೀರಿಗೆ ಅರಿಸಿನವನ್ನೋ ಬಟ್ಟೆಯ ನೀಲಿಯನ್ನೋ ಕದಡಿ ತಾರಸಿಯ ಕೊಳವೆಗೆ ಸುರಿಯಿರಿ, ಹಿಂದಿನಿಂದ ಇನ್ನೆರಡು ಬಕೆಟ್ ಬರಿಯ ನೀರು. ಒಬ್ಬರು ಕೆಳಗೆ ಒಳಚರಂಡಿಯ ಚೇಂಬರಿನ ಮುಚ್ಚಳ ತೆರೆದು, ಮುಖವನ್ನು ದೂರವಿಟ್ಟು ನೋಡುತ್ತಿರಲಿ. ಬಣ್ಣ ಅಲ್ಲಿ ಕಾಣಿಸಿದರೆ ಜೋಡಣೆ ತಪ್ಪಾಗಿದೆ. ಬಚ್ಚಲಿನ ಕೊಳವೆಗೂ ಇದೇ ಪರೀಕ್ಷೆ, ಆದರೆ ಆಗ ನೋಡಬೇಕಾದದ್ದು ರಸ್ತೆಬದಿಯ ತೋಡನ್ನು. ತಪ್ಪಿದ್ದರೆ ಪ್ಲಂಬರನನ್ನು ಕರೆಸಿ, ತಾರಸಿಯ ನೀರನ್ನು ಬೇರೆ ಮಾಡಿಸಿ ಬಾವಿಯ ಹತ್ತಿರದ ಮಳೆಗುಂಡಿಗೆ ಬಿಡಿಸಿ. ಜೂನ್ ಮೊದಲ ವಾರದೊಳಗೆ ಮುಗಿದರೆ ಸಾಕು.